ಹದಿಮೂರು ಸೋಮವಾರ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. "ಗುರುಬಾಯಿಗೆ ಮೂಗಿನ ತುದೀಗೇ ಸಿಟ್ಟು" ಎಂದು ಹಿರೋಳ್ಳಿಯ ನನ್ನ ತವರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಗೊಬ್ಬೂರಿಗೆ ಸೊಸೆಯಾಗಿ ಬಂದ ಮೇಲೆ ಹತ್ತು ವರ್ಷ ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡೇ ಬಾಳ್ವೆ ಮಾಡಿದೆ. ಗಂಟು ಬಿಚ್ಚಿದ್ದು ಒಂದೇ ಸಲ, ಅದೂ ಟೊಮ್ಯಾಟೊ ಗಿಡಗಳ ಸಲುವಾಗಿ.

ಕಿಲ್ಲಾರಿ ಭೂಕಂಪ ಆದ ವರ್ಷ ಅದು. ದಸರೆ ಮುಗಿಯುತ್ತಲೇ ಕೃಷಿ ಕಾಲೇಜಿನವರು ನಮ್ಮ ಹೊಲದ ಮೂಲೆಯಲ್ಲಿ ಕಬ್ಬಿಣದ ಕಮಾನು ನಿಲ್ಲಿಸಿ, ಮೇಲೆ ಬಿಳಿ ಪ್ಲಾಸ್ಟಿಕ್ ಹೊದಿಸಿ, ಒಂದು ಮನೆ ಕಟ್ಟಿದರು. ಒಳಗೆ ನಾಲ್ಕುನೂರು ಟೊಮ್ಯಾಟೊ ಗಿಡ. ಜಾಗ ಕೊಟ್ಟವರು ನನ್ನ ಮಾವ ಚಂದ್ರಾಮಪ್ಪನವರು. "ತಾಲೂಕಿನಾಗ ಯಾರ ಹೊಲದಾಗೂ ಇಂಥಾದಿಲ್ಲ" ಎಂದು ಅವರು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸುತ್ತಿದ್ದರು. ನಮ್ಮ ಅತ್ತೆಗೆ ಮಾತ್ರ ಅದು ಕೊನೆಯವರೆಗೂ ತಲೆಗೆ ಹೋಗಲಿಲ್ಲ. ಇಷ್ಟು ಬಿಸಿಲಿರುವ ಊರಿನಲ್ಲಿ ಗಿಡಗಳನ್ನು ಮತ್ತೆ ಒಲೆಯೊಳಗೆ ಕೂರಿಸುವುದೇಕೆ ಎಂದು ಕೇಳುತ್ತಿದ್ದರು.

ಕೆಲಸದ ಯಜಮಾನ ಶ್ರೀಪಾದ ಎಂಬ ಹುಡುಗ. ಆಳಂದದ ಮಾಸ್ತರರ ಮಗ, ಇಪ್ಪತ್ತಾರು ವರ್ಷ, ಮುಖಕ್ಕಿಂತ ಕನ್ನಡಕವೇ ದೊಡ್ಡದು. ಡಾಕ್ಟರೇಟ್ ಮಾಡುತ್ತಿದ್ದ. ಬುಧವಾರ ಮತ್ತು ಶನಿವಾರ ಕಲಬುರ್ಗಿಯಿಂದ ಬಸ್ಸಿನಲ್ಲಿ ಬಂದು ಸಂಜೆಗೆ ಹೋಗಿಬಿಡುತ್ತಿದ್ದ. ಉಳಿದ ದಿನ ಗಿಡಗಳನ್ನು ಅಳೆದು ತೂಗಿ ಬರೆದಿಡುವವರು ಒಬ್ಬರು ಬೇಕಾಗಿತ್ತು. ನಾನು ಹತ್ತನೆಯ ಇಯತ್ತೆಯಲ್ಲಿ ಗಣಿತಕ್ಕೆ ಎಂಬತ್ತೆರಡು ಅಂಕ ತೆಗೆದವಳು. ಹತ್ತು ವರ್ಷ ಆ ಎಂಬತ್ತೆರಡು ಯಾರಿಗೂ ಬೇಕಾಗಿರಲಿಲ್ಲ. ಮಾವನವರೇ ನನ್ನ ಹೆಸರು ಹೇಳಿದರು.

"ವೈನೀ, ಬಿಸಿಲು ಎಷ್ಟದ, ಸೆಕಿ ಎಷ್ಟದ, ಗಿಡಕ್ಕ ಎಲಿ ಎಷ್ಟವ, ಇಷ್ಟು ಹೇಳಿದ್ರ ಆ ಗಿಡ ದಿನಕ್ಕ ಎಷ್ಟು ನೀರು ಕುಡೀತದ, ಎಷ್ಟು ಗೊಬ್ಬರ ಎಳೀತದ, ಎಷ್ಟು ಬೆಳೀತದ ಅಂತ ನಮ್ಮ ಲೆಕ್ಕ ಹೇಳಬೇಕು. ಇದಕ್ಕ ಮಾಡೆಲ್ ಅಂತಾರ" ಎಂದು ಮೊದಲ ದಿನ ಶ್ರೀಪಾದ, ನನ್ನನ್ನು ಅತ್ತಿಗೆಯೆಂದೇ ಕರೆಯುತ್ತ, ತಿಳಿಸಿ ಹೇಳಿದ.

"ಲೆಕ್ಕ ಯಾಕ ಬೇಕ್ರಿ ಸರ್? ನೀರು ಬೇಕಾದ್ರ ಗಿಡ ಬಾಡ್ತದ. ನೋಡಿ ಹಾಕಿದ್ರಾತು" ಎಂದೆ.

"ಬಾಡೂದ್ರೊಳಗ ತಡ ಆಗಿರ್ತದ ವೈನೀ. ಅದು ಬಾಯಿ ಬಿಡೂಕಿಂತ ಮೊದಲ ನಮಗ ಗೊತ್ತಾಗಬೇಕು."

ಆ ಮಾತು ನನಗೆ ಹಿಡಿಸಿತು. ಅಳುವ ಮೊದಲೇ ಕೂಸಿನ ಹಸಿವು ತಿಳಿಯುವುದು ತಾಯಿಗೆ ಮಾತ್ರ ಎಂದುಕೊಂಡಿದ್ದೆ. ಅದಕ್ಕೂ ಲೆಕ್ಕವಿದೆ ಎಂದರೆ ಕಲಿಯಲೇಬೇಕು ಅನ್ನಿಸಿತು.

ನಾಲ್ಕುನೂರರಲ್ಲಿ ಹನ್ನೆರಡು ಗಿಡಗಳನ್ನು ಮರಳು ತುಂಬಿದ ಕುಂಡಗಳಲ್ಲಿ ಇಟ್ಟಿದ್ದರು. ಮರಳಿನಿಂದ ನೀರು ಆರಿ ಹೋಗದಂತೆ ಮೇಲೆ ಪ್ಲಾಸ್ಟಿಕ್ ಕಟ್ಟಿತ್ತು. ಅಂದರೆ ಕುಂಡದ ತೂಕ ಇಳಿಯಿತು ಎಂದರೆ ಆ ನೀರು ಗಿಡದ ಎಲೆಯಿಂದಲೇ ಹೋಗಿದೆ ಎಂದರ್ಥ. ಬೆಳಿಗ್ಗೆ ಆರಕ್ಕೆ ಗಿಡ ಕಟ್ಟಿದ ಹುರಿ ಬಿಚ್ಚಿ, ಹದಿನೈದು ಕಿಲೋದ ಕುಂಡ ಎತ್ತಿ ಕಾಟಾದ ಮೇಲಿಟ್ಟು ತೂಗಬೇಕು. ಗೊಬ್ಬರದ ಪುಡಿ ಕರಗಿಸಿದ ನೀರು ಎರಡು ಲೀಟರ್ ಅಳೆದು ಹಾಕಬೇಕು. ಕೆಳಗೆ ಸೋರಿದ್ದನ್ನು ಬಾಟಲಿಯಲ್ಲಿ ಹಿಡಿದು ಅಳೆಯಬೇಕು. ಸಂಜೆ ಆರಕ್ಕೆ ಮತ್ತೆ ಹನ್ನೆರಡೂ ಕುಂಡ ತೂಗಬೇಕು. ವಾರಕ್ಕೊಮ್ಮೆ ಎಲೆಗಳ ಉದ್ದ ಅಗಲ ಬೇರೆ. ಶ್ರೀಪಾದ ಬಂದ ದಿನ ಆ ದಿನದ ಸೋರಿದ ನೀರನ್ನು ಸೀಸೆಯಲ್ಲಿ ಕಾಲೇಜಿಗೆ ಒಯ್ದು, ಗಿಡ ಎಷ್ಟು ಗೊಬ್ಬರ ಎಳೆದುಕೊಂಡಿದೆ, ಎಷ್ಟು ಬಿಟ್ಟಿದೆ ಎಂದು ಪರೀಕ್ಷೆ ಮಾಡಿಸುತ್ತಿದ್ದ.

ನವೆಂಬರ್ ಹದಿನೈದಕ್ಕೆ ಈ ಅಳತೆಗಳನ್ನು ಬರೆದಿಡುವ ವಹಿ ಶುರುವಾಯಿತು. ಒಂದು ದಿನವೂ ತಪ್ಪಿಸಲಿಲ್ಲ. ಎಳ್ಳಮಾಸಿ ಹಬ್ಬಕ್ಕೆ ಮನೆಮಂದಿಯೆಲ್ಲ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ ಸಜ್ಜಿ ಕಡುಬು ಭಜ್ಜಿ ಉಂಡು ಮರದ ನೆರಳಲ್ಲಿ ಹರಟೆಗೆ ಕೂತಾಗ ನಾನು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದೆ. ತವರಿನಲ್ಲಿ ಬಸುರಿ ತಂಗಿಯ ಕುಬಸಕ್ಕೆ ಹೋದವಳು ಊಟದ ಎಲೆ ಎತ್ತುವ ಮೊದಲೇ ಎದ್ದೆ. ಮೂರು ಬಸ್ಸು ಬದಲಿಸಿ, ರೇಷ್ಮೆ ಸೀರೆಯಲ್ಲೇ ಓಡಿ ಬಂದು ಐದು ಐವತ್ತಕ್ಕೆ ಮೊದಲ ಕುಂಡ ಎತ್ತಿದೆ. ಅವ್ವ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಡಿಸೆಂಬರಿನಲ್ಲಿ ಶ್ರೀಪಾದ ಅಂಚಿಗೆ ತೂತುಗಳಿದ್ದ ಉದ್ದನೆಯ ಕಂಪ್ಯೂಟರ್ ಕಾಗದ ತಂದು ತೋರಿಸಿದ. ಅದರಲ್ಲಿದ್ದ ಗೆರೆ ಅವನ ಮಾಡೆಲ್ ಹೇಳಿದ್ದು. ಪೆನ್ಸಿಲಿನ ಚುಕ್ಕಿಗಳು ನಾನು ತೂಗಿದ್ದು. ಚುಕ್ಕಿಗಳು ಗೆರೆಯ ಮೇಲೆ ಸಾಲಾಗಿ ಕೂತಿದ್ದವು. ಎಲ್ಲೋ ದೂರದ ಕೋಣೆಯಲ್ಲಿ ಗಿಡದ ಮುಖ ನೋಡದ ಯಂತ್ರವೂ, ಹೊಲದಲ್ಲಿ ಕುಂಡ ಎತ್ತುವ ನಾನೂ ಒಂದೇ ಮಾತು ಹೇಳಿದ್ದೆವು. ಆ ದಿನ ರೊಟ್ಟಿ ಬಡಿಯುವಾಗಲೂ ನನಗೆ ನಗು ಬರುತ್ತಿತ್ತು.

ಫೆಬ್ರವರಿ ಹದಿಮೂರು, ರವಿವಾರ, ಶ್ರೀಪಾದನ ಗುರುಗಳು ಜೀಪಿನಲ್ಲಿ ಬಂದರು. ವಾಮನರಾಯರು ಅಂತ ಹೆಸರು. ಮೂಲ ಜೇವರ್ಗಿ ಕಡೆಯ ಕೊಳಕೂರಿನವರಾದರೂ ಓದು, ನೌಕರಿ ಎಲ್ಲ ಹೊರಗೇ ಆಗಿ ಈಚೆಗೆ ಈ ಕಡೆ ಬಂದವರು. ಗಿಡಗಳನ್ನು ನೋಡಿ ತಲೆಯಾಡಿಸಿದರು. ಕಾಯಿ ಹಿಡಿದದ್ದು ನೋಡಿ ಮೆಚ್ಚಿದರು. ಆಮೇಲೆ ಮನೆಯ ಪಡಸಾಲೆಯಲ್ಲಿ ಮಾವನವರ ಎದುರಿಗೆ ಹೊಸ ಕಾಗದ ಹಾಸಿದರು. ಶ್ರೀಪಾದ ತಲೆ ತಗ್ಗಿಸಿ ನಿಂತಿದ್ದ. ಏನೋ ಕೆಟ್ಟದ್ದಿದೆ ಎಂದು ಆಗಲೇ ಗೊತ್ತಾಯಿತು.

"ಇಲ್ಲಿ ನೋಡ್ರಿ ಬಾಯಾರ. ಗಿಡ ಸಣ್ಣವಿದ್ದಾಗ ಗೊತ್ತಾಗಿಲ್ಲ. ಜನವರಿಯಿಂದ ನೋಡ್ರಿ. ವಾರಕ್ಕೊಮ್ಮೆ ನಿಮ್ಮ ಚುಕ್ಕಿ ಗೆರಿ ಬಿಟ್ಟು ಕೆಳಗ ಬೀಳ್ತದ. ಪ್ರತಿ ವಾರ. ಬಿಸಿಲು ಅಷ್ಟೇ ಅದ, ಸೆಕಿ ಅಷ್ಟೇ ಅದ. ಗಿಡ ಮಾತ್ರ ನೀರು ಕಡಿಮಿ ಕುಡದದ ಅಂತ ಬರದೀರಿ" ಎಂದರು ವಾಮನರಾಯರು.

ನಾನು ಬಗ್ಗಿ ನೋಡಿದೆ. ನಿಜ. ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತಿತ್ತು.

"ಗಿಡಕ್ಕ ವಾರ ಗೊತ್ತಿರೂದಿಲ್ಲ. ವಾರ ಗೊತ್ತಿರೂದು ಮನಷ್ಯಾಗ" ಎಂದು ಅವರು ಮುಂದುವರಿಸಿದರು. "ವಾರಕ್ಕೊಂದಿನ ನೀವು ಸೂಟಿ ಮಾಡಿ ಅಂದಾಜಿನ ಮ್ಯಾಲ ಬರದೀರಿ. ನಾ ಬೈಯಾಂಗಿಲ್ಲ, ಮನ್ಯಾಗ ನೂರಾ ಎಂಟು ಕೆಲಸ ಇರ್ತಾವ. ಆದ್ರ ಒಂದು ಅಂಕಿ ಸುಳ್ಳಾದ್ರ ವಹಿನೇ ಸುಳ್ಳು. ಇದನ್ನ ಇಟಗೊಂಡು ಶ್ರೀಪಾದ ಡಾಕ್ಟರೇಟ್ ಬರಿಯಾಕ ಆಗೂದಿಲ್ಲ. ಮುಂದಿನ ಚಳಿಗಾಲ ಬ್ಯಾರೆ ಊರಾಗ ಮೊದಲಿಂದ ಮಾಡಬೇಕಾಗ್ತದ."

ತೊಂಬತ್ತೊಂದು ದಿನ. ದಿನಕ್ಕೆರಡು ಸಲ ಹನ್ನೆರಡು ಕುಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಮಾವನವರು ಏನಾದರೂ ಅಂದಾರು ಎಂದು ಅವರ ಮುಖ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು.

"ಖರೇ ಹೇಳು ಗುರುಬಾಯಿ. ಎಲ್ಲ್ಯರೆ ಒಂದಿನ ತಪ್ಪಿಸೀಯೇನು? ನಾನೇನು ಸಿಟ್ಟಾಗೂದಿಲ್ಲವ್ವಾ."

ರಾಯರು ಅಂದದ್ದನ್ನು ಸಹಿಸಬಹುದಾಗಿತ್ತು. ಅವರು ನನ್ನನ್ನು ಕಂಡವರಲ್ಲ. ಆದರೆ ಬೆಳಿಗ್ಗೆ ಐದೂವರೆಗೆ ನಾನು ಕಂದೀಲು ಹಿಡಿದು ಹೊಲಕ್ಕೆ ಹೋಗುವುದನ್ನು ದಿನಾ ಕಟ್ಟೆಯ ಮೇಲೆ ಕೂತು ನೋಡಿದ ಮಾವನವರು ಹೀಗೆ ಕೇಳಿದ್ದು ಎದೆಗೆ ನಾಟಿತು. ಎದ್ದು ಹಿತ್ತಲಿಗೆ ಹೋದೆ. ಅಲ್ಲೇ ನಿಂತಿದ್ದರೆ ಬಾಯಿಂದ ಕೆಂಡವೇ ಬೀಳುತ್ತಿತ್ತು.

ಹಿತ್ತಲಲ್ಲಿ ಮಲಂಗಸಾಬ ಬಂಡಿ ಬಿಟ್ಟು ಎತ್ತಿನ ಮೈ ತೊಳೆಯುತ್ತಿದ್ದ. ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಇರುವ ಮನುಷ್ಯ. ಎರಡು ಮೈಲಿ ಆಚೆಯ ಸಿಹಿನೀರ ಬಾವಿಯಿಂದ ಪ್ಲಾಸ್ಟಿಕ್ ಮನೆಗೆ ದಿನಾ ಒಂದು ಟಾಕಿ ನೀರು ತರುವವನು ಅವನೇ. ನನ್ನ ಮುಖ ನೋಡಿದರೂ ನೋಡದವನಂತೆ ತನ್ನ ಕೆಲಸದ ಮಾತಾಡಿದ.

"ಅವ್ವಾರ, ನಾಳಿ ಸ್ವಾಮಾರ ಅದ. ಎತ್ತಿಗೆ ಸೂಟಿ. ಬಾವಿ ಮೋಟರ್ ಚಾಲೂ ಮಾಡಂತ ಧಣ್ಯಾರಿಗೆ ಹೇಳ್ರಿ."

ಪ್ರತಿ ರವಿವಾರ ಅವನು ಆಡುವ ಮಾತು ಅದು. ಪ್ರತಿ ರವಿವಾರ ನಾನು "ಹೂಂ" ಅಂದಿದ್ದೆ. ಆ ದಿನ ಮಾತ್ರ ನಿಂತಲ್ಲೇ ನಿಂತೆ.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತುವ ಹದ ತಪ್ಪಿದರೂ ಸರಿ, ಎತ್ತು ಕೊಟ್ಟಿಗೆಯಲ್ಲೇ. ಇದರಲ್ಲಿ ಮಾವನವರಿಗಿಂತ ಮಲಂಗಸಾಬನೇ ಕಟ್ಟುನಿಟ್ಟು. ಹಾಗಾಗಿ ಸೋಮವಾರ ಬಂಡಿ ಇಲ್ಲ, ಸಿಹಿನೀರು ಇಲ್ಲ. ಆ ಒಂದು ದಿನ ಹೊಲದ ಬಾವಿಗೆ ಮೋಟರ್ ಹಚ್ಚಿ ಅದೇ ನೀರನ್ನು ಗಿಡಕ್ಕೆ ಹಾಕುತ್ತಿದ್ದೆವು. ಆ ಬಾವಿಯ ನೀರು ಸವುಳು, ಉಪ್ಪುಪ್ಪು. ಅದರಲ್ಲಿ ಬೇಳೆ ಕುದಿಸಿದರೆ ಸಂಜೆಯಾದರೂ ಬೇಯುವುದಿಲ್ಲ.

ಓಡಿ ಹೋಗಿ ವಹಿ ತೆಗೆದೆ. ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡೆ. ಜನವರಿ ಮೂರು, ಹತ್ತು, ಹದಿನೇಳು, ಇಪ್ಪತ್ತನಾಲ್ಕು, ಮೂವತ್ತೊಂದು, ಫೆಬ್ರವರಿ ಏಳು. ಕೆಳಗೆ ಬಿದ್ದ ಚುಕ್ಕಿಗಳೆಲ್ಲ ಸೋಮವಾರವೇ. ತೊಂಬತ್ತೊಂದು ದಿನದಲ್ಲಿ ಹದಿಮೂರು ಸೋಮವಾರ. ವಹಿಯಲ್ಲಿ ಎಷ್ಟು ನೀರು ಹಾಕಿದೆ ಎಂದು ಬರೆಯುವ ಜಾಗವಿತ್ತು, ಯಾವ ನೀರು ಎಂದು ಬರೆಯುವ ಜಾಗವಿರಲಿಲ್ಲ. ವಹಿ ಶುರುವಾಗುವ ಮೊದಲೇ ಒಂದು ದಿನ ಬಂಡಿ ಬಂದದ್ದನ್ನು ಕಂಡು ಶ್ರೀಪಾದ "ಸಿಹಿನೀರು" ಎಂದು ಬರೆದುಕೊಂಡಿದ್ದ. ಆಮೇಲೆ ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಅವನು ಸೋಮವಾರ ಬಂದವನೂ ಅಲ್ಲ. ಸೋಮವಾರ ಎತ್ತು ಹೂಡುವುದಿಲ್ಲ ಎಂಬುದನ್ನು ಯಾರಾದರೂ ಬರೆದಿಡುತ್ತಾರೆಯೇ? ಸೂರ್ಯ ಮೂಡಿದ ಎಂದು ಯಾರು ಬರೆಯುತ್ತಾರೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತಿಗೆ ಸೂಟಿ, ಬರೆ ನನಗೆ.

ವಾಮನರಾಯರು ಆಗಲೇ ಜೀಪಿನ ಹತ್ತಿರ ಹೋಗಿದ್ದರು. ತಲೆಯ ಮೇಲೆ ಸೆರಗು ಹೊದ್ದು, ಸೆರಗಿನ ಗಂಟು ಮಾತ್ರ ಬಿಚ್ಚಿ, ಅವರ ಎದುರಿಗೆ ನಿಂತೆ.

"ಸಾಹೇಬ್ರ, ನನಗ ಸುಳ್ಳಿ ಅಂದ್ರಿ. ಒಂದಿನ ನಿಂದರ್ರಿ, ನಿಮ್ಮ ಕೈಯಾರೆ ತೂಗಿ ಆಮ್ಯಾಲ ಅನ್ರಿ."

"ಯಾಕಮ್ಮಾ, ನಾಳಿ ಏನಾಗ್ತದ?"

"ನಾಳಿ ಸ್ವಾಮಾರ. ಬಂಡಿ ಹೂಡೂದಿಲ್ಲ. ಬಂಡಿ ಇಲ್ಲಂದ್ರ ಸಿಹಿನೀರಿಲ್ಲ. ಸ್ವಾಮಾರಕ್ಕೊಮ್ಮೆ ಗಿಡಕ್ಕ ನಮ್ಮ ಬಾವಿ ಸವುಳು ನೀರು ಹಾಕಾಕತ್ತೀವಿ. ಅದು ನಿಮಗ ಗೊತ್ತಿಲ್ಲ. ಹೇಳಬೇಕಂತ ನಮಗ ಗೊತ್ತಾಗಿಲ್ಲ. ಆದ್ರ ಗಿಡಕ್ಕ ಗೊತ್ತಾಗ್ಯದ್ರಿ."

ಶ್ರೀಪಾದ ತಲೆ ಎತ್ತಿದ. "ಸರ್, ಉಪ್ಪು ಇದ್ರ ಬೇರು ನೀರು ಎಳಿಯಾಕ ತ್ರಾಸ ಪಡ್ತದ" ಎಂದ. ರಾಯರು ಕೈ ಮಾಡಿ ಅವನನ್ನು ಸುಮ್ಮನಿರಿಸಿದರು. ಆ ಮನುಷ್ಯ ಸುಲಭಕ್ಕೆ ನಂಬುವವರಲ್ಲ. ಅದಕ್ಕೇ ನನಗೆ ಅವರ ಮೇಲೆ ಆಗಲೂ ಗೌರವ ಕಡಿಮೆಯಾಗಲಿಲ್ಲ.

"ಈಗ ಯೋಚನಿ ಮಾಡಿ ಕಾರಣ ಹುಡಕೂದು ಸುಲಭ" ಎಂದರು.

"ಹೌದ್ರಿ. ಅದಕ್ಕ ಕಾರಣ ಬಿಡ್ರಿ, ಮಂಗಳವಾರದ ಚುಕ್ಕಿ ನೋಡ್ರಿ" ಎಂದು ಕಾಗದದ ಮೇಲೆ ಬೆರಳಿಟ್ಟೆ. "ಸ್ವಾಮಾರ ಬೀಳ್ತದ, ಮಂಗಳವಾರ ಅರ್ಧ ಏರ್ತದ, ಬುಧವಾರ ಗೆರಿ ಮ್ಯಾಲ ಬರ್ತದ. ಸುಳ್ಳು ಬರಿಯಾಕಿ ಸೂಟಿ ಮಾಡಿದ ದಿನಕ್ಕ ಸುಳ್ಳು ಬರೀತಾಳ್ರಿ. ಮರುದಿನಕ್ಕ ಅರ್ಧ ಸುಳ್ಳು ಯಾಕ ಬರೀತಾಳ?"

ರಾಯರು ಕನ್ನಡಕ ತೆಗೆದು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. ಬಹಳ ಹೊತ್ತು ನೋಡಿದರು. ಜೀಪಿನವನಿಗೆ ಎಂಜಿನ್ ಬಂದ್ ಮಾಡಲು ಹೇಳಿದರು.

ಪರೀಕ್ಷೆ ಹೇಗೆ ಮಾಡಬೇಕೆಂದು ಹೇಳಿದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮನೆಯಲ್ಲಿ ಕುಡಿಯಲು ತುಂಬಿಟ್ಟ ಸಿಹಿನೀರು ಒಂದು ಕೊಡ ಇತ್ತು. ಸೋಮವಾರ ಆರು ಕುಂಡಗಳಿಗೆ ಅದನ್ನು ಹಾಕುವುದು, ಇನ್ನಾರಕ್ಕೆ ಬಾವಿಯ ನೀರು. ಗೊಬ್ಬರದ ಪುಡಿ ಎಲ್ಲಕ್ಕೂ ಒಂದೇ ಅಳತೆ. ಯಾವ ಕುಂಡಕ್ಕೆ ಯಾವ ನೀರು ಎಂದು ರಾಯರೇ ಆರಿಸಬೇಕು. ನಾನು ಕುಂಡ ಮುಟ್ಟುವುದಿಲ್ಲ, ಕಾಟಾ ಮುಟ್ಟುವುದಿಲ್ಲ.

ಸೋಮವಾರ ಬೆಳಿಗ್ಗೆ ವಾಮನರಾಯರು ಪ್ಯಾಂಟು ಮಡಚಿ ಹನ್ನೆರಡು ಕುಂಡ ಎತ್ತಿ ಇಳಿಸಿದರು. ಏಳನೆಯದಕ್ಕೆ ಸೊಂಟ ಹಿಡಿದುಕೊಂಡರು. "ದಿನಾ ಎರಡ ಸಲ ಎತ್ತೀರೇನಮ್ಮಾ?" ಎಂದು ಕೇಳಿದರು. ನಾನು ಎಂಟನೆಯ ಕುಂಡದ ಕಡೆ ಕೈ ತೋರಿಸಿದೆ. ಅವರು ಚೀಟಿ ಹಾಕಿ ಆರು ಕುಂಡ ಆರಿಸಿ, ಕಡ್ಡಿಗೆ ಕೆಂಪು ದಾರ ಕಟ್ಟಿದರು. ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು ನಾಲಗೆಗೆ ಹಚ್ಚಿ ಮುಖ ಕಿವುಚಿದರು.

ಸಂಜೆಯವರೆಗೆ ಹತ್ತು ಸಲ ಪ್ಲಾಸ್ಟಿಕ್ ಮನೆಯ ಬಾಗಿಲಿಗೆ ಹೋಗಿ ಬಂದೆ. ಗಿಡ ನನ್ನ ಮಾತು ಕೇಳುತ್ತದೆಂದು ಏನು ಖಾತ್ರಿ? ಒಂದು ವೇಳೆ ಹನ್ನೆರಡೂ ಒಂದೇ ಸಮ ಕುಡಿದರೆ ನಾನು ಸುಳ್ಳಿಯೇ ಆಗಿ ಉಳಿಯುತ್ತೇನೆ, ಆ ಹುಡುಗನ ಒಂದು ವರ್ಷ ಮಣ್ಣುಪಾಲಾಗುತ್ತದೆ. ಮಧ್ಯಾಹ್ನ ಊಟ ಸೇರಲಿಲ್ಲ. ಮಾವನವರೂ ತಾಟಿನ ಮುಂದೆ ಕೂತು ಎದ್ದರು.

ಆರು ಗಂಟೆಗೆ ಶ್ರೀಪಾದ ಆ ದಿನದ ಬಿಸಿಲು, ಸೆಕೆ ನೋಡಿ ಕ್ಯಾಲ್ಕುಲೇಟರಿನಲ್ಲಿ ಮಾಡೆಲಿನ ಲೆಕ್ಕ ಹಾಕಿ, ಚೀಟಿಯಲ್ಲಿ ಬರೆದು ಮಡಚಿ ಮಾವನವರ ಕೈಗೆ ಕೊಟ್ಟ. ರಾಯರು ಒಂದೊಂದೇ ಕುಂಡ ತೂಗಿದರು, ಸೋರಿದ ನೀರು ಕಳೆದರು, ಸರಾಸರಿ ತೆಗೆದರು. ಕೆಂಪು ದಾರದ ಆರು ಗಿಡ ಸವುಳು ನೀರಿನವು. ಒಂದೊಂದು ಹನ್ನೆರಡುನೂರ ಹತ್ತು ಮಿಲಿ ಕುಡಿದಿತ್ತು. ಸಿಹಿನೀರಿನವು ಹದಿನಾಲ್ಕುನೂರ ಎಪ್ಪತ್ತು.

ಮಾವನವರು ಚೀಟಿ ಬಿಚ್ಚಿ ರಾಯರ ಮುಂದೆ ಹಿಡಿದರು. ಹದಿನಾಲ್ಕುನೂರ ಎಂಬತ್ತು ಎಂದಿತ್ತು.

ರಾಯರು ಕುಂಡದ ಅಂಚಿನ ಮೇಲೆ ಕೈಯಿಟ್ಟು ನಿಂತಿದ್ದರು.

"ಕೊಳಕೂರಿನಾಗ ನಮ್ಮಜ್ಜನೂ ಸ್ವಾಮಾರ ಎತ್ತು ಹೂಡ್ತಿರಲಿಲ್ಲ. ನಾ ಅದನ್ನ ಮರತೇ ಬಿಟ್ಟಿದ್ದೆ" ಎಂದರು ಕೊನೆಗೆ. ನನ್ನ ಕಡೆ ತಿರುಗಿದರು. "ತಪ್ಪು ನಂದು ಬಾಯಾರ. ನಿಮಗ ಅಂದ ಮಾತು ವಾಪಸ್ ತಗೋತೇನಿ."

ಆಮೇಲೆ ಶ್ರೀಪಾದನಿಗೆ ಹೇಳಿದ್ದು ನನಗೆ ಇನ್ನೂ ಸಿಹಿ. "ಈ ಹದಿಮೂರು ಸ್ವಾಮಾರ ಕಿತ್ತು ಒಗಿಬ್ಯಾಡ. ನಮ್ಮ ಕಡೆ ಎಷ್ಟು ಊರಾಗ ಸವುಳು ಬಾವಿ ಅವ. ಎಷ್ಟು ಉಪ್ಪಿಗೆ ಗಿಡ ಎಷ್ಟು ಕಡಿಮಿ ಕುಡೀತದ, ಎಷ್ಟು ಕಡಿಮಿ ಗೊಬ್ಬರ ಎಳೀತದ, ಅದನ್ನ ಮಾಡೆಲ್‌ನಾಗ ಸೇರಸು. ನಾವು ಕೇಳದ ಪ್ರಶ್ನಿಗೆ ಈ ವಹಿಯೊಳಗ ಉತ್ತರ ಅದ."

ಅವರು ದಿನದ ಅಂಕಿ ಬರೆಯಲು ವಹಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ನೀವು ಹೇಳ್ರಿ, ನಾ ಬರೀತೇನಿ" ಎಂದೆ. ಅವರು ಹೇಳಿದರು, ನಾನು ಬರೆದೆ. ಐದನೆಯ ಕುಂಡದ ಅಂಕಿಯನ್ನು ಎರಡನೆಯ ಸಲ ಓದಿಸಿದೆ. ಪಕ್ಕದಲ್ಲಿ ಹೊಸ ಗೆರೆ ಎಳೆದು, ಮೇಲೆ "ಯಾವ ನೀರು" ಎಂದು ಬರೆದೆ. ಇನ್ನೊಂದು ಗೆರೆ ಎಳೆದು "ತೂಗಿದವರ ಸಹಿ" ಎಂದು ಬರೆದು ಪೆನ್ನು ಅವರ ಕೈಗಿತ್ತೆ. ವಾಮನರಾಯರು ನಗುತ್ತ ಇಂಗ್ಲಿಷಿನಲ್ಲಿ ಸಹಿ ಹಾಕಿದರು. ಅವರ ಜೀಪು ಹೋದ ಮೇಲೂ ನಾನು ಆ ಹಾಳೆ ಮುಚ್ಚಲಿಲ್ಲ. ಹತ್ತನೆಯ ಇಯತ್ತೆಯ ಅಂಕಪಟ್ಟಿ ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಹೋಗುವ ಮೊದಲೇ ಮಾವನವರು ಪ್ಲಾಸ್ಟಿಕ್ ಮನೆಯ ಬಾಗಿಲಲ್ಲಿ ನಿಂತಿದ್ದರು. ಧೋತರ ಮೇಲಕ್ಕೆ ಕಟ್ಟಿದ್ದರು. ನನ್ನ ಕಡೆ ನೋಡದೆ ಮಾತಾಡಿದರು.

"ಮೊನ್ನಿ ನಾ ಹಂಗ ಕೇಳಬಾರದಿತ್ತು."

"ಕೇಳಬಾರದಿತ್ತು ಖರೇ ಮಾವ್ರ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವರು ತಲೆಯಾಡಿಸಿದರು. ಬಗ್ಗಿ ಮೊದಲ ಕುಂಡ ಎತ್ತಿ ಕಾಟಾದ ಮೇಲಿಟ್ಟರು. ಎಪ್ಪತ್ತರ ಹತ್ತಿರದ ಮುದುಕ, ಬೇಡವೆಂದರೂ ಕೇಳಲಿಲ್ಲ. ಹನ್ನೆರಡನ್ನೂ ಎತ್ತಿದರು, ಇಳಿಸಿದರು, ಸಂಜೆ ಮತ್ತೆ ಬಂದು ಎತ್ತಿದರು. ಕೆಂಪು ದಾರದ ಗಿಡಗಳು ಅರ್ಧ ಏರಿದ್ದವು, ಸರಿಯಾಗಿ ಅರ್ಧ.

"ನಂದೂ ಸಹಿ ಬೇಕೇನವ್ವಾ?"

"ತೂಗಿದವರು ಯಾರಿದ್ರೂ ಬೇಕ್ರಿ."

ಮಾವನವರು ಓದಿದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ. ರಾಯರ ಇಂಗ್ಲಿಷಿನ ಕೆಳಗೆ ಬಲದಿಂದ ಎಡಕ್ಕೆ ನಿಧಾನವಾಗಿ ತಮ್ಮ ಹೆಸರು ಬರೆದು, ಆಮೇಲೆ ವಹಿಯನ್ನು ಹಿಂದಕ್ಕೆ ತಿರುವಿದರು. ನವೆಂಬರ್ ಹದಿನೈದರ ಹಾಳೆಯವರೆಗೂ ಹೋದರು. ಅಲ್ಲಿ ಯಾವ ಸಹಿಯೂ ಇರಲಿಲ್ಲ, ಬರೀ ನನ್ನ ಅಕ್ಷರಗಳಿದ್ದವು.

"ಈ ತೊಂಬತ್ತೊಂದು ದಿನಕ್ಕ ಸಹಿ ಮಾಡವ್ರು ಯಾರೂ ಇದ್ದಿಲ್ಲ" ಎಂದರು. "ನಾ ಕಟ್ಟಿ ಮ್ಯಾಲ ಕುಂತು ದಿನಾ ನೋಡೇನಿ. ಇವಕ್ಕೂ ನಾ ಮಾಡ್ತೇನಿ."

ಬೇಡ ಎನ್ನಲಿಲ್ಲ. ಪೆನ್ನು ಕೊಟ್ಟೆ. ಕತ್ತಲಾಗುವವರೆಗೂ ಅವರು ಕಾಟಾದ ಪಕ್ಕ ಕೂತು ಒಂದೊಂದೇ ಹಾಳೆಗೆ ಸಹಿ ಹಾಕಿದರು, ನಾನು ಹಾಳೆ ತಿರುವುತ್ತ ಹೋದೆ.